ದೂರದ ಬೆಟ್ಟ ಈಗ ನುಣ್ಣಗಿಲ್ಲ: ಹಿಮಾಚಲದ ಕಣಿವೆಗಳು ಮತ್ತು ನಮ್ಮ ಬೇಸಗೆಯ ಪ್ರವಾಸ

ರಾಜಧಾನಿಯಲ್ಲಿ ನೆಲೆಸಿರುವ ಕನ್ನಡಿಗರ ಮನೆಗಳಿಗೆ ಫೆಬ್ರವರಿ ಮುಗಿಯುತ್ತಿದ್ದಂತೆ ಊರಿನಿಂದ ಬರುವ ದೂರವಾಣಿ ಕರೆಗಳಿಗೆ ಒಂದು ನಿಶ್ಚಿತ ಸ್ವರೂಪವಿರುತ್ತದೆ. ಕ್ಷೇಮಸಮಾಚಾರ ಮುಗಿದ ಮೇಲೆ ಮಾತು ಮಕ್ಕಳ ಪರೀಕ್ಷೆಗೆ, ಪರೀಕ್ಷೆಯಿಂದ ರಜೆಗೆ, ರಜೆಯಿಂದ ಶಿಮ್ಲಾಕ್ಕೆ ಬಂದು ನಿಲ್ಲುತ್ತದೆ. ಹಾಸನದಲ್ಲಿರುವ ನನ್ನ ಸೋದರಮಾವನವರೂ ಹೀಗೆಯೇ ಕೇಳಿದರು: "ಅಳಿಯ, ಕಾಶಿ ಆಯಿತು, ಹರಿದ್ವಾರ ಆಯಿತು. ಕಣ್ಣು ಚೆನ್ನಾಗಿರುವಾಗಲೇ ಒಂದು ಸಲ ಹಿಮ ತೋರಿಸಿಬಿಡಪ್ಪ." ಎಪ್ಪತ್ತು ದಾಟಿದ ಹಿರಿಯರ ಮಾತನ್ನು ತೆಗೆದುಹಾಕುವುದು ಹೇಗೆ? ಆದರೆ ಇಪ್ಪತ್ತು ವರ್ಷಗಳಿಂದ ಇಂತಹ ಮಾತಿಗೆ ಥಟ್ಟನೆ "ಆಗಲಿ ಮಾವ, ಮೇ ತಿಂಗಳಲ್ಲಿ ಬನ್ನಿ" ಎನ್ನುತ್ತಿದ್ದ ನಾನು ಈ ಬಾರಿ ತಡವರಿಸಿದೆ.

ತಡವರಿಸಲು ಕಾರಣ ಖರ್ಚಲ್ಲ, ಮನಸ್ಸಿಲ್ಲದಿರುವುದೂ ಅಲ್ಲ. ನಮ್ಮೆಲ್ಲರ ಪ್ರವಾಸಕ್ಕೆ ಒಂದು ಸಿದ್ಧ ಅಚ್ಚು ಇದೆ. ಶಿಮ್ಲಾದಲ್ಲಿ ಎರಡು ರಾತ್ರಿ, ಮನಾಲಿಯಲ್ಲಿ ಮೂರು ರಾತ್ರಿ, ನಡುವೆ ಕುಫ್ರಿ, ಕುಲು, ಮಣಿಕರಣ, ಸೋಲಂಗ್, ಸಾಧ್ಯವಾದರೆ ರೋಹ್ತಾಂಗ್. ದೆಹಲಿಯಿಂದ ಶಿಮ್ಲಾಕ್ಕೆ ಸುಮಾರು 350 ಕಿಲೋಮೀಟರ್, ಅಲ್ಲಿಂದ ಮನಾಲಿಗೆ ಸುಮಾರು 250, ಮನಾಲಿಯಿಂದ ಹಿಂದಿರುಗಲು 500ಕ್ಕೂ ಹೆಚ್ಚು. ವಾರದೊಳಗೆ ಸಾವಿರದ ನೂರು ಕಿಲೋಮೀಟರ್. ಬೆಟ್ಟವನ್ನು ನೋಡಿದ್ದಕ್ಕಿಂತ ಮುಂದಿನ ವಾಹನದ ಬೆನ್ನನ್ನು ನೋಡಿದ್ದೇ ಹೆಚ್ಚು. ಈ ಅಚ್ಚಿನಲ್ಲಿಯೇ ಲಕ್ಷಾಂತರ ಕುಟುಂಬಗಳು ಅದೇ ಐದಾರು ವಾರಗಳಲ್ಲಿ ಅದೇ ನಾಲ್ಕಾರು ಊರುಗಳಿಗೆ ಹೋಗುತ್ತವೆ. ಹಿಮಾಲಯದ ಗಿರಿಧಾಮಗಳ ಇಂದಿನ ಸಂಕಟದಲ್ಲಿ ಈ ಅಚ್ಚಿನ ಪಾಲೆಷ್ಟು, ಅದನ್ನು ಬದಲಿಸುವುದು ಯಾರ ಕೈಯಲ್ಲಿದೆ ಎಂಬುದೇ ಈ ಲೇಖನದ ವಿಚಾರ.

ಒಂದು ಬೇಸಗೆ, ಎರಡು ಮಳೆಗಾಲ

ಮೊದಲು ಬೇಸಗೆಯ ಮಾತು. 2018ರ ಮೇ ತಿಂಗಳ ಕೊನೆಯಲ್ಲಿ ಶಿಮ್ಲಾ ನಗರದ ನಲ್ಲಿಗಳು ಒಣಗಿದವು. ದಿನವೊಂದಕ್ಕೆ ನಾಲ್ಕು ಕೋಟಿ ಲೀಟರಿಗೂ ಮಿಕ್ಕಿ ನೀರು ಬೇಕಾದ ನಗರಕ್ಕೆ ಅದರ ಅರ್ಧದಷ್ಟು ಮಾತ್ರ ದೊರೆಯುತ್ತಿತ್ತು. ಚಳಿಗಾಲದಲ್ಲಿ ಹಿಮ, ಮಳೆ ಎರಡೂ ಕಡಿಮೆಯಾಗಿ ಗುಮ್ಮಾ, ಗಿರಿ ಮೊದಲಾದ ಜಲಮೂಲಗಳು ಸೊರಗಿದ್ದವು. ಅಶ್ವನಿ ಖಡ್ಡಿನ ನೀರಂತೂ ಕೆಲವು ವರ್ಷಗಳ ಹಿಂದೆ ಕಾಮಾಲೆ ಹರಡಿದ ನಂತರ ನಗರಕ್ಕೆ ನಿಂತೇಹೋಗಿತ್ತು. ಉಚ್ಚ ನ್ಯಾಯಾಲಯ ಮಧ್ಯಪ್ರವೇಶಿಸಬೇಕಾಯಿತು. ಬೇಸಗೆಯ ಉತ್ಸವ ಮುಂದಕ್ಕೆ ಹೋಯಿತು. ದಯವಿಟ್ಟು ಈಗ ಬರಬೇಡಿ ಎಂದು ಊರಿನವರೇ ಪ್ರವಾಸಿಗರನ್ನು ಕೋರಿಕೊಂಡರು.

ಆ ದಿನಗಳಲ್ಲಿ ನಾವೂ ಅಲ್ಲಿದ್ದೆವು. ನಾವು ತಂಗಿದ್ದ ವಸತಿಗೃಹದಲ್ಲಿ ಕೋಣೆಗೆ ಎರಡು ಬಕೆಟ್ ನೀರು. ಅದಕ್ಕೇ ಗೊಣಗುತ್ತ ಕಿಟಕಿ ತೆರೆದರೆ ಕೆಳಗಿನ ಓಣಿಯಲ್ಲಿ ಖಾಲಿ ಕೊಡಗಳ ಸಾಲು. ನಮ್ಮ ವಸತಿಗೃಹದ ಮುಂದೆ ನೀರಿನ ಟ್ಯಾಂಕರ್ ಬಂದು ನಿಂತಾಗ ಆ ಸಾಲಿನಲ್ಲಿದ್ದ ಹೆಂಗಸರು ತಲೆಯೆತ್ತಿ ಅದನ್ನೂ ನಮ್ಮನ್ನೂ ನೋಡಿದ ನೋಟ ಇಂದಿಗೂ ಮರೆತಿಲ್ಲ. ಅವರು ಏನೂ ಅನ್ನಲಿಲ್ಲ. ಮರುದಿನ ಬೆಳಿಗ್ಗೆಯೇ ನಾವು ಹೊರಟುಬಂದೆವು.

ಇನ್ನು ಮಳೆಗಾಲ. 2023ರ ಜುಲೈ 7ರಿಂದ 11ರವರೆಗಿನ ಐದು ದಿನಗಳಲ್ಲಿ ಹಿಮಾಚಲದಲ್ಲಿ ಸುರಿದ ಮಳೆ ಸುಮಾರು 223 ಮಿಲಿಮೀಟರ್. ಆ ದಿನಗಳ ವಾಡಿಕೆ 42 ಮಿಲಿಮೀಟರಿಗೂ ಕಡಿಮೆ. ಬಿಯಾಸ್ ನದಿ ತನ್ನ ಹಳೆಯ ಪಾತ್ರಕ್ಕೆ ಮರಳಿ, ಆ ಪಾತ್ರದಲ್ಲಿ ಕಟ್ಟಿದ್ದ ಕಟ್ಟಡಗಳನ್ನೂ ನಿಲ್ಲಿಸಿದ್ದ ವಾಹನಗಳನ್ನೂ ಕೊಂಡೊಯ್ದಿತು. ಕುಲು, ಮನಾಲಿಗಳಲ್ಲಿ ಸಾವಿರಾರು ಪ್ರವಾಸಿಗರು ರಸ್ತೆಯಿಲ್ಲದೆ, ವಿದ್ಯುತ್ತಿಲ್ಲದೆ, ಮನೆಗೆ ಸುದ್ದಿ ಮುಟ್ಟಿಸಲು ದೂರವಾಣಿಯೂ ಇಲ್ಲದೆ ಸಿಲುಕಿದರು. ಸ್ಪಿತಿಯ ಎತ್ತರದಲ್ಲಿರುವ ಚಂದ್ರತಾಲ್ ಸರೋವರದ ಬಳಿ ಹಿಮದಲ್ಲಿ ಸಿಕ್ಕಿಬಿದ್ದ 250ಕ್ಕೂ ಹೆಚ್ಚು ಜನರನ್ನು ಹೊರತರಲು ದಿನಗಳೇ ಹಿಡಿದವು. ಮಂಡಿಯಲ್ಲಿ ಶತಮಾನಗಳ ಹಳೆಯ ಪಂಚವಕ್ತ್ರ ದೇವಾಲಯವನ್ನು ನದಿ ಸುತ್ತುವರಿದು ಮುಳುಗಿಸಿದರೂ ನೀರು ಇಳಿದಾಗ ಕಲ್ಲಿನ ಗುಡಿ ನಿಂತೇ ಇತ್ತು. ನಮ್ಮ ಕಾಲದ ಸೇತುವೆಗಳು ಮಾತ್ರ ಇರಲಿಲ್ಲ.

ಅದೇ ವರ್ಷ ಆಗಸ್ಟ್ 14ರ ಶ್ರಾವಣ ಸೋಮವಾರದಂದು ಶಿಮ್ಲಾದ ಸಮ್ಮರ್ ಹಿಲ್‌ನಲ್ಲಿ ಗುಡ್ಡ ಜಾರಿ ಶಿವಬಾವಡಿ ದೇವಾಲಯದ ಮೇಲೆ ಬಿತ್ತು. ಪೂಜೆಗೆಂದು ಬಂದಿದ್ದ ಇಪ್ಪತ್ತು ಮಂದಿ ಅಸುನೀಗಿದರು. ಕಾಲ್ಕಾ–ಶಿಮ್ಲಾ ಪುಟ್ಟ ರೈಲಿನ ಹಳಿಗಳು ಬುಡದ ಮಣ್ಣು ಕಳೆದುಕೊಂಡು ಗಾಳಿಯಲ್ಲಿ ತೂಗಾಡಿದ ಚಿತ್ರವನ್ನು ದೇಶವೆಲ್ಲ ನೋಡಿತು.

ಇದನ್ನು ನೂರು ವರ್ಷಕ್ಕೊಮ್ಮೆ ಬರುವ ವಿಪತ್ತು ಎಂದು ಸಮಾಧಾನಪಟ್ಟುಕೊಳ್ಳುವಷ್ಟರಲ್ಲಿ 2025 ಬಂದಿತು. ಜೂನ್ 30ರ ರಾತ್ರಿಯ ಮಳೆಗೆ ಮಂಡಿ ಜಿಲ್ಲೆಯ ಸರಾಜ್ ಕಣಿವೆಯ ಹಳ್ಳಿಗಳು ಕೊಚ್ಚಿಹೋದವು. ಆಗಸ್ಟ್ 26ರ ಸುಮಾರಿಗೆ ಬಿಯಾಸ್ ನದಿ ಮನಾಲಿಯ ಬಳಿ ಮತ್ತೊಮ್ಮೆ ಹೆದ್ದಾರಿಯನ್ನು ನುಂಗಿತು. ಅದಕ್ಕೆ ಒಂದು ತಿಂಗಳು ಮೊದಲು, ಜುಲೈ 28ರಂದು, ಶಿಮ್ಲಾ ಸಮೀಪದ ತಾರಾದೇವಿ ಬೆಟ್ಟವನ್ನು ಹಸಿರು ಪ್ರದೇಶವೆಂದು ಘೋಷಿಸಿದ್ದನ್ನು ಪ್ರಶ್ನಿಸಿದ ಹೋಟೆಲ್ ಸಂಸ್ಥೆಯೊಂದರ ಮೇಲ್ಮನವಿಯನ್ನು ತಳ್ಳಿಹಾಕುತ್ತ ಸರ್ವೋಚ್ಚ ನ್ಯಾಯಾಲಯವು ಎಚ್ಚರಿಕೆಯ ಮಾತಾಡಿತ್ತು: ಆದಾಯವೊಂದೇ ಎಲ್ಲವೂ ಅಲ್ಲ, ಹೀಗೆಯೇ ನಡೆದರೆ ಇಡೀ ರಾಜ್ಯವೇ ಭೂಪಟದಿಂದ ಮರೆಯಾಗುವ ದಿನ ದೂರವಿಲ್ಲ ಎಂಬುದು ಅದರ ತಾತ್ಪರ್ಯ.

ದೋಷ ಯಾರದು?

ಇಲ್ಲಿ ಎಲ್ಲವನ್ನೂ ಪ್ರವಾಸಿಗನ ತಲೆಗೆ ಕಟ್ಟುವುದು ನ್ಯಾಯವಲ್ಲ. ಹವಾಮಾನ ಬದಲಾಗಿದೆ, ತಿಂಗಳಿಡೀ ಹಂಚಿ ಬೀಳಬೇಕಾದ ಮಳೆ ಎರಡು ದಿನಗಳಲ್ಲಿ ಸುರಿಯುತ್ತಿದೆ. ಹಿಮಾಲಯ ಇನ್ನೂ ಬೆಳೆಯುತ್ತಿರುವ ಪರ್ವತ. ಅದರ ಇಳಿಜಾರುಗಳು ಸಹಜವಾಗಿಯೇ ಸಡಿಲ. 1905ರ ಏಪ್ರಿಲ್ 4ರ ಕಾಂಗ್ರಾ ಭೂಕಂಪದಲ್ಲಿ ಸುಮಾರು ಇಪ್ಪತ್ತು ಸಾವಿರ ಜನ ಮಡಿದಾಗ ಅಲ್ಲಿ ಪ್ರವಾಸೋದ್ಯಮ ಎಂಬುದೇ ಇರಲಿಲ್ಲ. ಜಲವಿದ್ಯುತ್ ಯೋಜನೆಗಳ ಸುರಂಗಗಳಿಂದ ತೆಗೆದ ಕಲ್ಲುಮಣ್ಣು ನದಿಯಂಚಿನಲ್ಲಿ ರಾಶಿ ಬೀಳುವುದಕ್ಕೂ ನಮ್ಮ ರಜೆಗೂ ನೇರ ಸಂಬಂಧವಿಲ್ಲ.

ಆದರೆ ಮೂರು ಸಂಗತಿಗಳಲ್ಲಿ ಸಂಬಂಧ ನೇರವಾಗಿಯೇ ಇದೆ. ಮೊದಲನೆಯದು ರಸ್ತೆ. ಬೆಟ್ಟದ ರಸ್ತೆಯನ್ನು ಎರಡು ಪಥದಿಂದ ನಾಲ್ಕು ಪಥಕ್ಕೆ ಅಗಲಿಸಬೇಕಾದರೆ ಇಳಿಜಾರಿನ ಬುಡವನ್ನು ಗೋಡೆಯಂತೆ ನೆಟ್ಟಗೆ ಕಡಿಯುತ್ತಾರೆ. ಬುಡ ಕಳೆದುಕೊಂಡ ಇಳಿಜಾರು ಮಳೆನೀರು ಕುಡಿದು ಭಾರವಾದಾಗ ಜಾರುತ್ತದೆ. ಚಂಡೀಗಢದ ಕಡೆಯಿಂದ ಶಿಮ್ಲಾಕ್ಕೆ ಏರುವ ಪರ್ವಾಣೂ–ಸೋಲನ್ ಚತುಷ್ಪಥದಲ್ಲಿ ಹೀಗೆ ವರ್ಷವರ್ಷವೂ ಗುಡ್ಡ ಇಳಿಯುತ್ತಿದೆ. 2023ರ ಆಗಸ್ಟ್ ಮೊದಲ ವಾರದಲ್ಲಿ ಚಕ್ಕಿ ಮೋಡ್ ಎಂಬಲ್ಲಿ ರಸ್ತೆಯ ಒಂದು ಭಾಗವೇ ಕಣಿವೆಗೆ ಇಳಿದುಹೋಯಿತು. ಇದನ್ನು ಅರ್ಥಮಾಡಿಕೊಳ್ಳಲು ನಮಗೆ ಹಿಮಾಲಯದವರೆಗೆ ಹೋಗುವ ಅಗತ್ಯವಿಲ್ಲ. ಉತ್ತರ ಕನ್ನಡದ ಶಿರೂರಿನಲ್ಲಿ 2024ರ ಜುಲೈ 16ರಂದು ಹೆದ್ದಾರಿಗಾಗಿ ಕಡಿದ ಗುಡ್ಡ ಕುಸಿದು ಗಂಗಾವಳಿಯ ದಂಡೆಯಲ್ಲಿ ಚಹದಂಗಡಿಯನ್ನೂ ಲಾರಿಯನ್ನೂ ಕೊಂಡೊಯ್ದಾಗ ನಾವು ಕಂಡದ್ದು ಇದೇ ಕಥೆಯನ್ನು.

ಎರಡನೆಯದು ಕಟ್ಟಡ. ಬ್ರಿಟಿಷರು 1864ರಲ್ಲಿ ಬೇಸಗೆಯ ರಾಜಧಾನಿಯನ್ನಾಗಿ ಮಾಡಿಕೊಂಡ ಶಿಮ್ಲಾ ಕೆಲವೇ ಸಾವಿರ ಜನರ ವಾಸಕ್ಕೆಂದು ರೂಪಿಸಿದ ಊರು. 2011ರ ಜನಗಣತಿಯ ಹೊತ್ತಿಗೆ ಅಲ್ಲಿನ ಜನಸಂಖ್ಯೆ ಸುಮಾರು 1.7 ಲಕ್ಷ, ಪ್ರವಾಸಿಗರು ಅದಕ್ಕೆ ಹೊರತು. ಕಡಿದಾದ ಇಳಿಜಾರಿನಲ್ಲಿ ಐದಾರು ಅಂತಸ್ತು ಏರಿಸಿ, ಬಳಸಿದ ನೀರನ್ನು ಅದೇ ಇಳಿಜಾರಿಗೆ ಇಂಗಿಸಿದರೆ ಮಣ್ಣು ಎಷ್ಟು ಕಾಲ ತಾಳೀತು? ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು 2017ರ ನವೆಂಬರ್‌ನಲ್ಲಿ ಶಿಮ್ಲಾ ಪ್ರದೇಶದ ಹೊಸ ಕಟ್ಟಡಗಳಿಗೆ ಎರಡೂವರೆ ಅಂತಸ್ತಿನ ಮಿತಿ ಹಾಕಿತು. ರಾಜ್ಯ ಸರ್ಕಾರದ 2041ರವರೆಗಿನ ನಗರಾಭಿವೃದ್ಧಿ ಯೋಜನೆಗೆ ನ್ಯಾಯಮಂಡಳಿ ಒಡ್ಡಿದ್ದ ತಡೆಯನ್ನು ಸರ್ವೋಚ್ಚ ನ್ಯಾಯಾಲಯ 2024ರ ಜನವರಿಯಲ್ಲಿ ತೆರವುಗೊಳಿಸಿತು. ವಿಷಾದವೆಂದರೆ ಅಲ್ಲಿಯವರೆಗೆ ಈ ನಗರ 1979ರ ತಾತ್ಕಾಲಿಕ ಯೋಜನೆಯೊಂದನ್ನೇ ನಂಬಿಕೊಂಡಿತ್ತು. ನಲವತ್ತು ವರ್ಷಗಳ ಕಾಲ ಚರ್ಚೆ ಒಂದು ಕಡೆ ನಡೆಯುತ್ತಿರಲು, ಅಂತಸ್ತುಗಳು ಇನ್ನೊಂದು ಕಡೆ ಏರುತ್ತಲೇ ಇದ್ದವು.

ಮೂರನೆಯದು ನದೀಪಾತ್ರ. ಕೋಣೆಯ ಕಿಟಕಿಯಿಂದ ನದಿ ಕಾಣಬೇಕು ಎಂಬ ನಮ್ಮ ಆಸೆ ಹೋಟೆಲ್ಲನ್ನು ನದಿಯ ಅಂಚಿಗೆ, ಅಂಚಿನಿಂದ ಪಾತ್ರದೊಳಕ್ಕೆ ಎಳೆದು ತಂದಿದೆ. ಕುಲು ಕಣಿವೆಯ ಹಳೆಯ ಹಳ್ಳಿಗಳನ್ನು ಗಮನಿಸಿ ನೋಡಿ. ಅವು ನದಿಯಿಂದ ಸಾಕಷ್ಟು ಮೇಲೆ, ಗಟ್ಟಿ ನೆಲದ ಮೇಲೆ ಕುಳಿತಿವೆ. ಕಲ್ಲು ಮತ್ತು ದೇವದಾರು ತೊಲೆಗಳನ್ನು ಒಂದರ ಮೇಲೊಂದು ಅಡ್ಡಡ್ಡ ಜೋಡಿಸಿ, ಗಾರೆಯಿಲ್ಲದೆ ಕಟ್ಟುವ ಕಾಠಕುಣಿ ಎಂಬ ವಿಧಾನದ ಅವರ ಮನೆಗಳು ನೆಲ ನಡುಗಿದಾಗ ತಾವೂ ತುಸು ಅಲುಗಿ ಮತ್ತೆ ನಿಲ್ಲುತ್ತವೆ. ನಗ್ಗರ್ ಊರಿನ ಕೋಟೆಮನೆ 1905ರ ಭೂಕಂಪವನ್ನು ತಾಳಿಕೊಂಡದ್ದು ಹೀಗೆ. ನದಿಯ ಹತ್ತಿರಕ್ಕೆ ಇಳಿದವರು ಹಳ್ಳಿಯ ಹಿರಿಯರಲ್ಲ. ನಮ್ಮಂತಹವರ ರಜೆಯನ್ನು ನಂಬಿ ಸಾಲ ಮಾಡಿದವರು.

ಸಂಖ್ಯೆಯಲ್ಲ, ಸಂದಣಿ

ಹಿಮಾಚಲದ ಜನಸಂಖ್ಯೆ 2011ರ ಗಣತಿಯಂತೆ ಸುಮಾರು 68.6 ಲಕ್ಷ. ಅಲ್ಲಿಗೆ ಬರುವ ಪ್ರವಾಸಿಗರು ಸರ್ಕಾರದ ಲೆಕ್ಕದಂತೆ 2019ರಲ್ಲಿ ಸುಮಾರು 1.72 ಕೋಟಿ, 2024ರಲ್ಲಿ ಸುಮಾರು 1.8 ಕೋಟಿ. ಮನೆಯವರಿಗಿಂತ ಎರಡೂವರೆ ಪಟ್ಟು ಅತಿಥಿಗಳು! ಕೇಳಿದೊಡನೆ ಗಾಬರಿಯಾಗುವ ಅಂಕಿ ಇದು. ಆದರೆ ತುಸು ಯೋಚಿಸಿ ನೋಡಿದರೆ ಈ ಅಂಕಿ ಅರ್ಧ ಸತ್ಯವನ್ನಷ್ಟೇ ಹೇಳುತ್ತದೆ. 1.8 ಕೋಟಿಯನ್ನು ವರ್ಷದ 365 ದಿನಗಳಿಗೂ ಹನ್ನೆರಡು ಜಿಲ್ಲೆಗಳಿಗೂ ಸಮನಾಗಿ ಹಂಚಿದರೆ ಜಿಲ್ಲೆಯೊಂದಕ್ಕೆ ದಿನಕ್ಕೆ ನಾಲ್ಕು ಸಾವಿರದಷ್ಟು ಜನ ಬಂದಂತಾಯಿತು. ಅಷ್ಟನ್ನು ಯಾವ ಜಿಲ್ಲೆಯೂ ತಾಳಿಕೊಂಡೀತು. ತೊಂದರೆ ಇರುವುದು ಹಂಚಿಕೆಯಲ್ಲಿ.

ಇದಕ್ಕೆ ಲಾಹೌಲ್ ಕಣಿವೆಯ ಒಂದು ದಿನವೇ ಸಾಕ್ಷಿ. ರೋಹ್ತಾಂಗ್ ಕಣಿವೆದಾರಿಯ ಅಡಿಯಲ್ಲಿ ಕೊರೆದ 9.02 ಕಿಲೋಮೀಟರ್ ಉದ್ದದ ಅಟಲ್ ಸುರಂಗ 2020ರ ಅಕ್ಟೋಬರ್ 3ರಂದು ಉದ್ಘಾಟನೆಯಾಯಿತು. ಚಳಿಗಾಲದಲ್ಲಿ ಆರು ತಿಂಗಳು ಹೊರಜಗತ್ತಿನಿಂದ ದೂರವಾಗುತ್ತಿದ್ದ ಲಾಹೌಲಿನ ಜನಕ್ಕೆ ಅದು ಆಸ್ಪತ್ರೆಯ ದಾರಿ, ಶಾಲೆಯ ದಾರಿ, ಬೆಳೆದ ಆಲೂಗಡ್ಡೆ–ಬಟಾಣಿ ಮಾರುವ ದಾರಿ. ಅದನ್ನು ಬೇಡವೆನ್ನುವ ಹಕ್ಕು ನಮಗಿಲ್ಲ. ಆದರೆ 2023ರ ಕ್ರಿಸ್‌ಮಸ್‌ನ ಹಿಂದಿನ ದಿನ ಪೊಲೀಸರ ಲೆಕ್ಕದಂತೆ 28 ಸಾವಿರಕ್ಕೂ ಹೆಚ್ಚು ವಾಹನಗಳು ಆ ಸುರಂಗವನ್ನು ಹಾದುಹೋದವು. ಲಾಹೌಲ್–ಸ್ಪಿತಿ ಜಿಲ್ಲೆಯ ಒಟ್ಟು ಜನಸಂಖ್ಯೆಯೇ 2011ರಲ್ಲಿ 31,564! ಅದೇ ದಿನಗಳಲ್ಲಿ ರಸ್ತೆಯ ಸಾಲಿನಲ್ಲಿ ಕಾಯಲಾರದ ಒಬ್ಬಾತ ತನ್ನ ಜೀಪನ್ನು ಚಂದ್ರಾ ನದಿಗೇ ಇಳಿಸಿ ಓಡಿಸಿ ದಂಡ ತೆತ್ತದ್ದೂ ಸುದ್ದಿಯಾಯಿತು.

ರಸ್ತೆ, ನೀರು, ಚರಂಡಿ, ವಾಹನ ನಿಲುಗಡೆ, ಕೋಣೆ ಇವೆಲ್ಲವನ್ನೂ ಇಂತಹ ಕೆಲವೇ ದಿನಗಳ ನೆರೆಯನ್ನು ಎದುರಿಟ್ಟುಕೊಂಡು ಕಟ್ಟಬೇಕಾಗುತ್ತದೆ. ಮೇ–ಜೂನ್‌ನ ಐದಾರು ವಾರಕ್ಕಾಗಿ ಕಟ್ಟಿದ ಅಂತಸ್ತು ಉಳಿದ ಹತ್ತು ತಿಂಗಳು ಖಾಲಿಯಿದ್ದರೂ ಬೆಟ್ಟ ಅದರ ಭಾರವನ್ನು ವರ್ಷವಿಡೀ ಹೊರಬೇಕು. ಇನ್ನೂ ರಸ್ತೆ ಅಗಲಿಸಿದರೆ ದಟ್ಟಣೆ ತಗ್ಗುವುದೇ? ಅನುಭವ ಹಾಗೆ ಹೇಳುವುದಿಲ್ಲ. ಅಗಲವಾದ ರಸ್ತೆ ಇನ್ನಷ್ಟು ವಾಹನಗಳನ್ನು ಅದೇ ಇಕ್ಕಟ್ಟಾದ ಊರಿನ ಬಾಗಿಲಿಗೆ ಬೇಗ ತಂದು ನಿಲ್ಲಿಸುತ್ತದೆ, ಅಷ್ಟೆ.

ಬಾಗಿಲಲ್ಲಿ ಎಣಿಸುವುದು

ಹಾಗಾದರೆ ಪರಿಹಾರವೇನು? ಒಂದು ದಾರಿ ಬಾಗಿಲಲ್ಲಿ ಎಣಿಸುವುದು. 2015ರಿಂದೀಚೆಗೆ ಹಸಿರು ನ್ಯಾಯಮಂಡಳಿಯ ಆದೇಶದಂತೆ 3,978 ಮೀಟರ್ ಎತ್ತರದ ರೋಹ್ತಾಂಗ್‌ಗೆ ದಿನಕ್ಕೆ 800 ಪೆಟ್ರೋಲ್ ಮತ್ತು 400 ಡೀಸೆಲ್ ಪ್ರವಾಸಿ ವಾಹನಗಳ ಮಿತಿ ಬಂದಿತು. ರಹದಾರಿ ಪಡೆದೇ ಏರಬೇಕು. ಕಪ್ಪು ಮಸಿ ಹಿಡಿಯುತ್ತಿದ್ದ ಹಿಮಕ್ಕೆ ಇದು ಉಸಿರು ಕೊಟ್ಟಿತು. ಆದರೆ ಕೆಳಗೆ ಸುರಂಗ ತೆರೆದೊಡನೆ ಆ ಮಿತಿಗೆ ಒಳಪಡದ ಪ್ರವಾಹ ಸುರಂಗದ ಮೂಲಕ ಸಿಸ್ಸುವಿಗೆ ಹರಿಯಿತು. ಒಂದು ಬಾಗಿಲಲ್ಲಿ ಎಣಿಸಿ ಪಕ್ಕದ ಬಾಗಿಲನ್ನು ತೆರೆದಿಟ್ಟರೆ ಫಲವಿಲ್ಲ ಎಂಬುದು ಇದರಿಂದ ಕಲಿಯಬೇಕಾದ ಪಾಠ.

ಚೆನ್ನೈಯ ನಮ್ಮ ಬಂಧುಗಳಿಗೆ ಇದು ಹೊಸತಲ್ಲ. ಮದ್ರಾಸ್ ಉಚ್ಚ ನ್ಯಾಯಾಲಯದ ಆದೇಶದಂತೆ 2024ರ ಮೇ 7ರಿಂದ ಊಟಿಗೂ ಕೊಡೈಕನಾಲಿಗೂ ಹೋಗುವ ವಾಹನಗಳು ಮುಂಗಡವಾಗಿ ಇ–ಪಾಸ್ ಪಡೆಯಬೇಕಾಯಿತು. ನಮ್ಮ ಚಿಕ್ಕಮಗಳೂರಿನ ಮುಳ್ಳಯ್ಯನಗಿರಿಗೂ 2025ರ ಸೆಪ್ಟೆಂಬರ್‌ನಿಂದ ಮುಂಗಡ ನೋಂದಣಿಯ ಪದ್ಧತಿ ಬಂದಿದೆ. ಇನ್ನೊಂದು ದಾರಿ ಭೂತಾನದ್ದು: ಅದು ಭಾರತೀಯ ಪ್ರವಾಸಿಯಿಂದಲೂ ರಾತ್ರಿಯೊಂದಕ್ಕೆ ತಲಾ 1,200 ರೂಪಾಯಿ ಶುಲ್ಕ ವಸೂಲು ಮಾಡುವ ನಿಯಮವನ್ನು 2020ರಲ್ಲಿ ತಂದಿತು. ಎರಡನ್ನೂ ತೂಗಿ ನೋಡಿದರೆ ಎಣಿಕೆಯ ದಾರಿಯೇ ನಮಗೆ ಹೆಚ್ಚು ಒಪ್ಪುವಂತಹುದು. ಹಣದ ಮೂಲಕ ತಡೆದರೆ ನಿಲ್ಲುವವರು ಬಡವರು ಮತ್ತು ಮಧ್ಯಮವರ್ಗದವರು. ಹೆಲಿಕಾಪ್ಟರಿನಲ್ಲಿ ಬರುವವರು ಬರುತ್ತಲೇ ಇರುತ್ತಾರೆ. ಹಿಮಾಲಯ ಹಣವಂತರ ಸ್ವತ್ತಾಗಬಾರದು. ಸರದಿಯಾದರೆ ಎಲ್ಲರಿಗೂ ಒಂದೇ: ಇಂದು ಸ್ಥಳವಿಲ್ಲವೆಂದರೆ ಮುಂದಿನ ವಾರ.

2023ರ ಆಗಸ್ಟ್‌ನಲ್ಲಿ ಸರ್ವೋಚ್ಚ ನ್ಯಾಯಾಲಯವು ಹಿಮಾಲಯದ ಹದಿಮೂರು ರಾಜ್ಯ ಮತ್ತು ಕೇಂದ್ರಾಡಳಿತ ಪ್ರದೇಶಗಳ ಧಾರಣಸಾಮರ್ಥ್ಯವನ್ನು ತಜ್ಞರಿಂದ ಅಳೆಯಿಸುವ ಮಾತಾಡಿತು. ಊರೊಂದರ ನೀರು, ನೆಲ, ಚರಂಡಿಗಳು ಎಷ್ಟು ಜನರನ್ನು ಹೊರಬಲ್ಲವು ಎಂಬ ಲೆಕ್ಕವೇ ಧಾರಣಸಾಮರ್ಥ್ಯ. ಮದುವೆ ಮನೆಯಲ್ಲಿ ಅಕ್ಕಿ ಅಳೆಯುವ ಮುನ್ನ ಎಲೆ ಎಷ್ಟು ಎಂದು ಕೇಳುವ ಗೃಹಿಣಿಗೆ ಇದನ್ನು ಯಾರೂ ವಿವರಿಸಬೇಕಾಗಿಲ್ಲ. ಎಲೆ ಎಷ್ಟೆಂದು ತಿಳಿಯದೆ ಊರಿಗೆಲ್ಲ ಕರೆಯೋಲೆ ಕಳುಹಿಸಿದ್ದು ನಮ್ಮ ಸರ್ಕಾರಗಳ ತಪ್ಪು.

ಹೋಗದಿರುವುದು ಉತ್ತರವಲ್ಲ

ಇಷ್ಟು ಓದಿದವರು "ಹಾಗಿದ್ದರೆ ಹೋಗುವುದೇ ಬೇಡ" ಎಂದುಕೊಳ್ಳಬಹುದು. ಅದು ಸುಲಭದ ಉತ್ತರ, ಆದರೆ ಸರಿಯಾದ ಉತ್ತರವಲ್ಲ. ಹಿಮಾಚಲದ ಉತ್ಪನ್ನದಲ್ಲಿ ಪ್ರವಾಸೋದ್ಯಮದ ಪಾಲು ನೂರಕ್ಕೆ ಏಳೆಂಟರಷ್ಟು. 2020ರಲ್ಲಿ ಸಾಂಕ್ರಾಮಿಕದ ಕಾರಣ ಪ್ರವಾಸಿಗರ ಸಂಖ್ಯೆ 1.72 ಕೋಟಿಯಿಂದ ಸುಮಾರು 32 ಲಕ್ಷಕ್ಕೆ ಇಳಿದಾಗ ಕಣಿವೆಗಳಲ್ಲಿ ಒಲೆ ಉರಿಯುವುದೇ ಕಷ್ಟವಾಗಿತ್ತು. 2023ರ ನೆರೆಯ ನಂತರ ಅಕ್ಟೋಬರ್‌ನಲ್ಲಿ ರಸ್ತೆಗಳು ಮತ್ತೆ ತೆರೆದಿದ್ದರೂ ಭಯದಿಂದ ಜನ ಬರಲಿಲ್ಲ. ಕುಲುವಿನ ಒಬ್ಬ ಟ್ಯಾಕ್ಸಿ ಚಾಲಕರು ನನ್ನೊಡನೆ ಹೇಳಿಕೊಂಡದ್ದೂ ಇದನ್ನೇ: ಜೂನ್‌ನಲ್ಲಿ ಊಟಕ್ಕೆ ಬಿಡುವಿಲ್ಲ, ನವೆಂಬರ್‌ನಲ್ಲಿ ಊಟಕ್ಕೆ ದಾರಿಯಿಲ್ಲ. ಅವರ ಬೇಡಿಕೆ ನಾವು ಬರಬಾರದೆಂದಲ್ಲ. ಎಲ್ಲರೂ ಒಟ್ಟಿಗೆ ಬರಬಾರದೆಂದು.

ಹೊಸ ಹೊಸ ತಾಣಗಳನ್ನು ತೆರೆದರೆ ಭಾರ ಹಂಚಿಹೋಗುತ್ತದೆ ಎಂಬ ವಾದವೂ ಇದೆ. ಇದರಲ್ಲಿ ಸ್ವಲ್ಪ ಹುರುಳಿದ್ದರೂ ಅಪಾಯ ಹೆಚ್ಚು. ಶಿಮ್ಲಾಕ್ಕೆ ಎಷ್ಟಾದರೂ ಒಂದು ನಗರಪಾಲಿಕೆ, ಆಸ್ಪತ್ರೆ, ಚರಂಡಿ ಇವೆ. ಪಾರ್ವತಿ ಕಣಿವೆಯ ಕಸೋಲ್, ಬಂಜಾರ್ ಬಳಿಯ ಜೀಭಿಯಂತಹ ಹಳ್ಳಿಗಳು ಹೆಸರಾದೊಡನೆ ಅಲ್ಲಿಗೂ ಅದೇ ಪ್ರವಾಹ ನುಗ್ಗಿತು. ಕಸ ಒಯ್ಯಲು ವ್ಯವಸ್ಥೆಯಿಲ್ಲದ ಕಡೆ ಕಸ ಮೊದಲು ಬಂದಿತು. ನಾಳೆ ಇನ್ನೊಂದು ಕಣಿವೆಯನ್ನು ಕಂಡುಹಿಡಿದು ಅದನ್ನೂ ಹೀಗೆಯೇ ಮಾಡಿದರೆ ನಾವು ಹಂಚಿದ್ದು ಭಾರವನ್ನಲ್ಲ, ರೋಗವನ್ನು. ಆದ್ದರಿಂದ ಬದಲಾಗಬೇಕಾದದ್ದು ಊರಿನ ಹೆಸರಲ್ಲ. ನಾವು ಹೋಗುವ ಕಾಲ, ಅಲ್ಲಿ ಉಳಿಯುವ ದಿನಗಳು. ಐದು ಊರು ಐದು ದಿನ ಎನ್ನುವುದರ ಬದಲು ಒಂದು ಊರು ಐದು ದಿನ. ಇದರಿಂದ ರಸ್ತೆಯ ಮೇಲಿನ ನಮ್ಮ ಭಾರ ಇಳಿಯುತ್ತದೆ. ನಮ್ಮ ಹಣ ಪೆಟ್ರೋಲಿಗೆ ಹೋಗುವ ಬದಲು ಊರಿನವರ ಕೈ ಸೇರುತ್ತದೆ. ಮಕ್ಕಳಿಗೆ ಆ ಊರು ನೆನಪಿನಲ್ಲಿ ಉಳಿಯುತ್ತದೆ.

ನಮ್ಮ ಮನೆಗಳಲ್ಲಿ ಏನಾಗಬಹುದು?

ನೀತಿ ರೂಪಿಸುವುದು ಸರ್ಕಾರದ ಕೆಲಸ. ಆದರೆ ದೆಹಲಿಯಲ್ಲಿ ನೆಲೆಸಿದ ನಮಗೆ ಊರಿನ ನೆಂಟರಿಗಿಲ್ಲದ ಒಂದು ಅನುಕೂಲವಿದೆ. ಬೆಟ್ಟ ನಮಗೆ ಒಂದು ರಾತ್ರಿಯ ದಾರಿ. ಮೇ ತಿಂಗಳಲ್ಲೇ ಹೋಗಬೇಕೆಂಬ ನಿರ್ಬಂಧ ನಮಗಿಲ್ಲ. ಬರುವವರಿಗೆ ಸರಿಯಾದ ಕಾಲವನ್ನು ಹೇಳುವ ಹೊಣೆಯೂ ನಮ್ಮದೇ.

ಜುಲೈ ಮೊದಲಿನಿಂದ ಸೆಪ್ಟೆಂಬರ್ ಮಧ್ಯದವರೆಗೆ ಕಣಿವೆಗಳಿಗೆ ಹೋಗದಿರುವುದೇ ಕ್ಷೇಮ. ಕೋಣೆ ಅರ್ಧ ಬೆಲೆಗೆ ದೊರೆಯಿತೆಂದು ಹಿರಿಯರನ್ನೂ ಮಕ್ಕಳನ್ನೂ ಕರೆದೊಯ್ದರೆ ರಸ್ತೆ ಮುಚ್ಚಿದ ದಿನ ಔಷಧಕ್ಕೂ ಪರದಾಡಬೇಕಾಗುತ್ತದೆ. ಸೆಪ್ಟೆಂಬರ್ ಕೊನೆಯಿಂದ ನವೆಂಬರ್‌ವರೆಗೆ ಆಕಾಶ ತಿಳಿಯಾಗಿ ಹಿಮಶಿಖರಗಳು ಸ್ಪಷ್ಟವಾಗಿ ಕಾಣುತ್ತವೆ. ಆಗ ಇನ್ನೊಂದು ಆಕರ್ಷಣೆಯೂ ಉಂಟು. ಮೈಸೂರಿನಲ್ಲಿ ಜಂಬೂಸವಾರಿಯೊಂದಿಗೆ ದಸರೆ ಮುಗಿಯುವ ವಿಜಯದಶಮಿಯಂದೇ ಕುಲುವಿನಲ್ಲಿ ದಸರೆ ಆರಂಭವಾಗುತ್ತದೆ! ಕಣಿವೆಯ ಹಳ್ಳಿಹಳ್ಳಿಗಳಿಂದ ದೇವತೆಗಳು ಪಲ್ಲಕ್ಕಿಗಳಲ್ಲಿ ಹೊರಟು ಢಾಲ್ಪುರ ಮೈದಾನದಲ್ಲಿ ರಘುನಾಥನ ರಥೋತ್ಸವಕ್ಕೆ ಕೂಡುತ್ತವೆ. ಏಳು ದಿನಗಳ ಉತ್ಸವ. ಜಾತ್ರೆ, ಉತ್ಸವಮೂರ್ತಿ, ಅಡ್ಡಪಲ್ಲಕ್ಕಿಗಳನ್ನು ಕಂಡು ಬೆಳೆದ ನಮಗೆ ಅದು ಪರದೇಶವೆನಿಸುವುದಿಲ್ಲ.

ಶಿಮ್ಲಾಕ್ಕೇ ಹೋಗಬೇಕಾದರೆ ಕಾಲ್ಕಾದಿಂದ ರೈಲಿನಲ್ಲಿ ಹೋಗುವುದು ಒಳಿತು. 1903ರಲ್ಲಿ ಆರಂಭವಾದ, 96 ಕಿಲೋಮೀಟರ್ ಉದ್ದದ, ನೂರಕ್ಕೂ ಹೆಚ್ಚು ಸುರಂಗಗಳನ್ನು ಹಾಯುವ ಈ ಹಾದಿ 2008ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದೆ. ಐದು ಗಂಟೆಗೂ ಹೆಚ್ಚು ಕಾಲ ಬೇಕು ನಿಜ. ಆದರೆ ಮೇ ತಿಂಗಳಲ್ಲಿ ಕಾರಿನಲ್ಲಿ ಹೋದವರು ಅದಕ್ಕಿಂತ ಬೇಗ ತಲುಪಿದ್ದುಂಟೆ? ಕೋಣೆ ಕಾಯ್ದಿರಿಸುವಾಗ ನದಿ ಕಾಣುತ್ತದೆಯೇ ಎಂದು ಕೇಳುವ ಬದಲು ನದಿಯಿಂದ ಎಷ್ಟು ಎತ್ತರದಲ್ಲಿದೆ ಎಂದು ಕೇಳೋಣ. ಇಂತಹ ಪ್ರಶ್ನೆ ಹತ್ತು ಜನರಿಂದ ಬಂದರೆ ಮಾಲೀಕನ ಮುಂದಿನ ಕಟ್ಟಡ ಮೇಲೆ ಏರೀತು. ಹೃದ್ರೋಗ, ಉಬ್ಬಸ ಇರುವ ಹಿರಿಯರನ್ನು ವೈದ್ಯರ ಸಲಹೆಯಿಲ್ಲದೆ ಒಂದೇ ದಿನದಲ್ಲಿ ರೋಹ್ತಾಂಗ್‌ನಂತಹ ಎತ್ತರಕ್ಕೆ ಕರೆದೊಯ್ಯಬಾರದು. ಒಯ್ದ ಪ್ಲಾಸ್ಟಿಕ್ಕನ್ನು ಹಿಂದಕ್ಕೆ ತರಬೇಕು. ಬಾಡಿಗೆ ವಾಹನಗಳಲ್ಲಿ ಕಸದ ಬುಟ್ಟಿ ಇರಲೇಬೇಕೆಂಬ ನಿಯಮವನ್ನು ಹಿಮಾಚಲ ಸರ್ಕಾರ 2025ರ ಏಪ್ರಿಲ್ ಕೊನೆಯಲ್ಲಿ ಜಾರಿಗೆ ತಂದಿದೆ. ಬುಟ್ಟಿ ಅವರದು, ಅದಕ್ಕೆ ಹಾಕುವ ಕೈ ನಮ್ಮದು.

ಇವೆಲ್ಲ ಸಣ್ಣ ಮಾತುಗಳು. ಇವುಗಳಿಂದ ಮೇಘಸ್ಫೋಟ ನಿಲ್ಲುವುದಿಲ್ಲ, ಕಡಿದ ಗುಡ್ಡ ಮತ್ತೆ ಬೆಳೆಯುವುದಿಲ್ಲ. ಆದರೆ ಅಂತಸ್ತುಗಳೂ ಅಗಲ ರಸ್ತೆಗಳೂ ಏಳುವುದು ಬೇಡಿಕೆಯ ಹೆಸರಿನಲ್ಲಿ. ಬೇಡಿಕೆ ಎಂದರೆ ನಾವೇ. ಪ್ರವಾಹದಂತೆ ಬರುವ ಬೇಡಿಕೆ ಹೊಳೆಯಂತೆ ಹರಿದರೆ, ಎಣಿಸುವ ಸರ್ಕಾರಕ್ಕೂ ಎಣಿಸುವುದು ಸುಲಭ, ಕಟ್ಟಬೇಡಿ ಎನ್ನುವ ನ್ಯಾಯಾಲಯದ ಮಾತಿಗೂ ಬಲ.

ಮಾವನವರ ಕಥೆ ಏನಾಯಿತೆಂದು ಓದುಗರು ಕೇಳಬಹುದು. ಮೇ ತಿಂಗಳು ಬೇಡ, ಆಯುಧಪೂಜೆ ಮುಗಿಸಿ ಬನ್ನಿ ಎಂದೆ. ಮೊದಲು ಮುನಿಸಿಕೊಂಡರು; ಅಕ್ಟೋಬರ್‌ನಲ್ಲಿ ಅತ್ತೆಯವರೊಡನೆ ಬಂದರು. ಶಿಮ್ಲಾ ಬಿಟ್ಟು, ಮನಾಲಿ ಬಿಟ್ಟು, ನಗ್ಗರ್‌ನಲ್ಲಿ ನಾಲ್ಕು ರಾತ್ರಿ ಉಳಿದೆವು. ರಷ್ಯದ ಚಿತ್ರಕಾರ ನಿಕೋಲಸ್ ರೋರಿಕ್ 1928ರಿಂದ ಕೊನೆಯವರೆಗೆ ಬಾಳಿದ ಮನೆ ಅಲ್ಲಿದೆ. ಅವರ ಮಗ ಸ್ವೆತೊಸ್ಲಾವ್ ಮತ್ತು ಸೊಸೆ, ಚಿತ್ರತಾರೆ ದೇವಿಕಾ ರಾಣಿ, ಬೆಂಗಳೂರಿನ ಕನಕಪುರ ರಸ್ತೆಯ ತಾತಗುಣಿಯಲ್ಲಿ ನೆಲೆಸಿದವರು ಎಂದು ಹೇಳಿದಾಗ ಮಾವನವರು ಆ ಮನೆಯ ಗೋಡೆಗಳನ್ನು ಇನ್ನೊಮ್ಮೆ ನಿಧಾನವಾಗಿ ನೋಡಿದರು. ಮೂರನೆಯ ದಿನದ ಹೊತ್ತಿಗೆ ಚಹದಂಗಡಿಯವನಿಗೆ ಅವರ ಸಕ್ಕರೆಯ ಲೆಕ್ಕ ಗೊತ್ತಾಗಿತ್ತು. ಅತ್ತೆಯವರು ಪಕ್ಕದ ತೋಟದ ಹೆಂಗಸಿನೊಡನೆ ಭಾಷೆಯೇ ಬಾರದೆ ಸೇಬಿನ ಮಾತಾಡುತ್ತಿದ್ದರು. ಹಿಮವನ್ನು ಕೈಯಲ್ಲಿ ಹಿಡಿಯಲಾಗಲಿಲ್ಲ. ಬೆಳಿಗ್ಗೆ ಆರೂವರೆಗೆ ಎದುರಿನ ಶಿಖರಗಳ ಮೇಲೆ ಬಿಸಿಲು ಇಳಿಯುವುದನ್ನು ನಾಲ್ಕು ದಿನವೂ ಜಗಲಿಯಲ್ಲಿ ಶಾಲು ಹೊದ್ದು ಕುಳಿತು ನೋಡಿದರು.

ಹಿಂದಿರುಗುವಾಗ ಅವರು ಕೇಳಿದ್ದು ಒಂದೇ ಮಾತು: "ಬರುವ ವರ್ಷವೂ ಇದೇ ಊರಿಗೆ ಬರಬಹುದಲ್ಲವೇ?" ಆ ಊರು ಬರುವ ವರ್ಷವೂ ಹಾಗೆಯೇ ಇರಬೇಕು ಎಂಬುದೇ ಈ ಲೇಖನದ ಆಸೆ.